ಸೋಮವಾರ ಬೆಳಗಿನ ಹೊಟ್ಟೆನೋವು

ಹೊಟ್ಟೆನೋವು ಅಂತ ಅಳುವ ಮಗುವಿಗೆ ‘ಎಲ್ಲಿ ನೋಯ್ತಿದೆ, ತೋರಿಸು ಪುಟ್ಟಾ’ ಅಂದು ನೋಡಿ. ಕೆಲವು ಮಕ್ಕಳು ಒಂದೇ ಬೆರಳಿಟ್ಟು ಜಾಗ ತೋರಿಸುತ್ತವೆ. ಇನ್ನು ಕೆಲವು ಇಡೀ ಅಂಗೈಯನ್ನು ಹೊಕ್ಕುಳಿನ ಮೇಲಿಟ್ಟು ಸವರುತ್ತವೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮಕ್ಕಳ ವೈದ್ಯರಾಗಿದ್ದ ಜಾನ್ ಆಪ್ಲಿ ಇದನ್ನು ಗಮನಿಸಿ ಹೇಳಿದ್ದು: ನೋವು ಹೊಕ್ಕುಳಿನಿಂದ ದೂರವಾದಷ್ಟೂ ಅಂಗಾಂಗದ ಕಾಯಿಲೆಯಿರುವ ಸಾಧ್ಯತೆ ಹೆಚ್ಚು. 1958ರಲ್ಲಿ ಅವರು ಸಹೋದ್ಯೋಗಿಯೊಬ್ಬರ ಜೊತೆ ಪ್ರಕಟಿಸಿದ ಅಧ್ಯಯನದಲ್ಲಿ ಸಾವಿರ ಶಾಲಾ ಮಕ್ಕಳಿದ್ದರು. ಮೂರು ತಿಂಗಳಲ್ಲಿ ಕನಿಷ್ಠ ಮೂರು ಸಲ, ಆಟಪಾಠ ಬಿಡಿಸುವಷ್ಟು ಹೊಟ್ಟೆನೋವು ಬಂದವರು ಹತ್ತರಲ್ಲಿ ಒಬ್ಬರಷ್ಟು. ಅಂಥ ಮಕ್ಕಳಲ್ಲಿ ಬಹುಪಾಲಿನವರಿಗೆ ದೇಹದಲ್ಲಿ ಯಾವ ರೋಗವೂ ಸಿಗಲಿಲ್ಲ.

ರೋಗ ಸಿಗದಿದ್ದರೆ ನಮ್ಮ ಮನೆಗಳಲ್ಲಿ ಅದಕ್ಕೆ ಸಿದ್ಧವಾದ ಹೆಸರಿದೆ, ‘ಸ್ಕೂಲಿಗೆ ಚಕ್ಕರ್ ಹೊಡೆಯೋ ನೆಪ’. ನನಗೆ ಈ ಮಾತು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಕರುಳಿನ ಗೋಡೆಯಲ್ಲೇ ಕೋಟಿಗಟ್ಟಲೆ ನರಕೋಶಗಳಿವೆ. ಅಲ್ಲಿಂದ ಮಿದುಳಿಗೆ ಹೋಗುವ ವೇಗಸ್ ನರದಲ್ಲಿ ಹೆಚ್ಚಿನ ಎಳೆಗಳು ಸುದ್ದಿ ಒಯ್ಯುವುದು ಕೆಳಗಿನಿಂದ ಮೇಲಕ್ಕೆ. ಲೆಕ್ಕದ ಪರೀಕ್ಷೆಯ ಹೆದರಿಕೆಯೋ, ಬಸ್ಸಿನಲ್ಲಿ ಕಾಡುವ ದೊಡ್ಡ ಹುಡುಗನ ಭಯವೋ ಇದ್ದಾಗ ಒತ್ತಡದ ಹಾರ್ಮೋನುಗಳು ಜಠರದ ಕೆಲಸ ನಿಧಾನ ಮಾಡಿ ದೊಡ್ಡ ಕರುಳನ್ನು ಚುರುಕುಗೊಳಿಸುತ್ತವೆ. ದಿನವೂ ಹೀಗಾದರೆ ನರಗಳು ಸೂಕ್ಷ್ಮವಾಗಿಬಿಡಬಹುದು. ಬೇರೆ ಮಕ್ಕಳಿಗೆ ಗೊತ್ತೂ ಆಗದ ವಾಯು ಈ ಮಗುವಿಗೆ ನೋವಾಗುತ್ತದೆ. ಸ್ಕ್ಯಾನಿನಲ್ಲಿ ಕಾಣದ ನೋವು ಸುಳ್ಳು ನೋವಲ್ಲ.

ಡಾಕ್ಟರು ‘ಏನೂ ಇಲ್ಲ’ ಅನ್ನುತ್ತಾರೆ, ಮೇಷ್ಟ್ರು ‘ಗೈರುಹಾಜರಿ’ ಅಂತ ಬರೆಯುತ್ತಾರೆ. ಇಬ್ಬರ ನಡುವೆ ನಿಲ್ಲುವವರು ಶಾಲಾ ಮನಶ್ಶಾಸ್ತ್ರಜ್ಞರು. ಈ ವೃತ್ತಿ ಹುಟ್ಟಿದ್ದೇ ದೇಹ-ಮನಸ್ಸನ್ನು ಒಟ್ಟಿಗೆ ನೋಡುವುದರಿಂದ. 1896ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಲೈಟ್ನರ್ ವಿಟ್ಮರ್ ಬಳಿಗೆ ಫಿಲಡೆಲ್ಫಿಯಾದ ಟೀಚರ್ ಒಬ್ಬರು ಹದಿನಾಲ್ಕರ ಹುಡುಗನನ್ನು ಕರೆತಂದರು. ಬೇರೆಲ್ಲದರಲ್ಲಿ ಜಾಣ, ಕಾಗುಣಿತ ಮಾತ್ರ ಬರದು. ವಿಟ್ಮರ್ ಪರೀಕ್ಷಿಸಿದಾಗ ಕಣ್ಣಿನಲ್ಲೇ ದೋಷವಿತ್ತು. ಕನ್ನಡಕ ಕೊಡಿಸಿದರು. ಅಷ್ಟಕ್ಕೆ ಪೂರ್ತಿ ಸರಿಹೋಗದಿದ್ದಾಗ ಕೂರಿಸಿಕೊಂಡು ಪಾಠವನ್ನೂ ಹೇಳಿಸಿದರು. ಎರಡೂ ಬೇಕಾಯಿತು.

ಆರ್ನಲ್ಡ್ ಗೆಸೆಲ್ ಬದುಕು ಇನ್ನೂ ಸ್ಪಷ್ಟ ಉದಾಹರಣೆ. 1906ರಲ್ಲೇ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಯೇಲ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದವರು, ಮಕ್ಕಳನ್ನು ಅರಿಯಲು ಅದು ಸಾಲದೆಂದು ವೈದ್ಯಕೀಯ ಓದಿದರು. 1915ರಲ್ಲಿ ಆ ಪದವಿಯೂ ಬಂತು. ಅದೇ ವರ್ಷ ಕನೆಕ್ಟಿಕಟ್ ರಾಜ್ಯ ಅವರನ್ನು ‘ಶಾಲಾ ಮನಶ್ಶಾಸ್ತ್ರಜ್ಞ’ರೆಂದು ನೇಮಿಸಿತು, ಅಮೆರಿಕದಲ್ಲಿ ಆ ಹುದ್ದೆಯ ಹೆಸರು ಹೊತ್ತ ಮೊದಲಿಗರು ಅವರೇ.

ತೂಕ ಇಳಿಯುವುದು, ಮಲದಲ್ಲಿ ರಕ್ತ, ಬಿಡದ ಜ್ವರ, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು ಇದ್ದರೆ ಮೊದಲು ವೈದ್ಯರೇ. ಇವಿಲ್ಲದಿದ್ದರೆ ಒಂದು ಪುಸ್ತಕದಲ್ಲಿ ನೋವು ಬಂದ ದಿನ, ವೇಳೆ, ಅವತ್ತಿನ ಪೀರಿಯಡ್ಡು ಬರೆದಿಡಿ. ಎರಡು ವಾರಕ್ಕೆ ಪುಟ ತಿರುವಿದರೆ ಭಾನುವಾರಗಳು ಖಾಲಿ ಇರಬಹುದು, ಪಿ.ಟಿ. ಇರುವ ದಿನಗಳು ಮಾತ್ರ ತುಂಬಿರಬಹುದು. ಆಗ ಮಗುವನ್ನು ಕೇಳಬೇಕಾದ ಪ್ರಶ್ನೆ ಬೇರೆ: ‘ಪಿ.ಟಿ. ಪೀರಿಯಡ್ಡಿನಲ್ಲಿ ಏನಾಗುತ್ತೆ, ಹೇಳು ಕಂದಾ.’