ಡಬ್ಬಿ ತೆಗೆದರೆ ಮೊದಲು ಮೂಸಿ ನೋಡಿ

ಹೋದ ಬೇಸಿಗೆಯಲ್ಲಿ ಒಬ್ಬ ಅಕ್ಕ ಕಲಬುರಗಿಯ ನಮ್ಮ ಸ್ಟುಡಿಯೋಗೆ ಬಂದರು. ಕೈಯಲ್ಲಿ ಹಳೇ ಬಿಸ್ಕಿಟ್ ಡಬ್ಬಿ. ಒಳಗೆ ಅಂಗೈ ಅಗಲದ ಒಂಬತ್ತು ರೀಲು. ಅವರ ಅಪ್ಪ ಶಹಾಬಾದದ ಸಿಮೆಂಟ್ ಫ್ಯಾಕ್ಟರಿಯಲ್ಲಿ ಇಂಜಿನಿಯರ್ ಆಗಿದ್ದವರು. ಟ್ರೇನಿಂಗಿಗೆ ಜರ್ಮನಿಗೆ ಹೋದಾಗ ಒಂದು ಮೂವಿ ಕ್ಯಾಮೆರಾ ತಂದಿದ್ದರಂತೆ.

"ಮನಿ ಖಾಲಿ ಮಾಡುವಾಗ ಸಿಕ್ಕಾವ್ರಿ ಸರ. ಪ್ರೊಜೆಕ್ಟರೂ ಅದ, ಲೈಟ್ ಹತ್ತತದ. ಇವತ್ತ ರಾತ್ರಿ ಎಲ್ಲರೂ ಕೂತು ಗ್ವಾಡಿ ಮ್ಯಾಲ ನೋಡಬೇಕಂತ ಮಾಡೀವಿ. ಅದಕ್ಕ ಮೊದಲು ನಿಮ್ಮನ್ನ ಒಂದು ಮಾತು ಕೇಳೋಣಂತ ಬಂದೆ."

ನಾನು ಡಬ್ಬಿ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದೆ. ಸಂಜೆ ಗೋಬಿ ಮಂಚೂರಿ ಗಾಡಿ ಹತ್ತಿರ ಬರುತ್ತದಲ್ಲ, ಆ ವಿನೆಗರ್ ವಾಸನೆ. ಮೂಗಿಗೆ ಚುರ್ ಅಂತು.

"ಅಕ್ಕಾ, ಇವತ್ತ ಹಚ್ಚಬ್ಯಾಡ್ರಿ" ಅಂದೆ.

ಯಾಕೆ ಅಂತ ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹಳೇ ರೀಲು ಸಿಕ್ಕ ಮನೆಯಲ್ಲೆಲ್ಲ ಮೊದಲು ಹುಟ್ಟುವುದು ನೋಡುವ ಆಸೆ. ಸಹಜವೇ. ತೀರಿಹೋದ ಅಪ್ಪ ನಡೆದಾಡುವುದನ್ನು ನೋಡಬೇಕು ಅಂತ ಯಾರಿಗೆ ಅನಿಸುವುದಿಲ್ಲ? ಆದರೆ ನಾನು ನೋಡಿದ ಮಟ್ಟಿಗೆ, ನಲವತ್ತು ಐವತ್ತು ವರ್ಷ ಅಟ್ಟದ ಮೇಲೆ ತಡೆದುಕೊಂಡ ರೀಲು ಹಾಳಾಗುವುದು ಆ ಒಂದು ರಾತ್ರಿಯಲ್ಲಿ.

ಮೊದಲು ಒಂದು ವಿಷಯ ತಿಳಿದಿರಲಿ. ಸ್ಟಿಲ್ ಫೋಟೋಕ್ಕೆ ನೆಗೆಟಿವ್ ಇರುತ್ತಿತ್ತು. ಪ್ರಿಂಟ್ ಹರಿದರೆ ಇನ್ನೊಂದು ತೆಗೆಸಬಹುದಿತ್ತು. ಮನೆ ಮೂವಿ ರೀಲಿಗೆ ಸಾಮಾನ್ಯವಾಗಿ ನೆಗೆಟಿವ್ ಇರುವುದಿಲ್ಲ. ಅದು ರಿವರ್ಸಲ್ ಫಿಲ್ಮ್. ಅವತ್ತು ಕ್ಯಾಮೆರಾದ ಒಳಗೆ ಓಡಿದ ಅದೇ ಪಟ್ಟಿಯನ್ನೇ ತೊಳೆದು ಮನೆಗೆ ಕೊಡುತ್ತಿದ್ದರು. ನಿಮ್ಮ ಕೈಯಲ್ಲಿರುವುದು ಬಿಟ್ಟರೆ ಇನ್ನೊಂದು ಪ್ರತಿ ಎಲ್ಲೂ ಇಲ್ಲ.

ಇನ್ನು ಆ ವಾಸನೆ. ಈ ಫಿಲ್ಮಿನ ಮೈ ಸೆಲ್ಯುಲೋಸ್ ಅಸಿಟೇಟಿನದು. ಬಿಸಿಲು, ತೇವ ಎರಡೂ ಸೇರಿದರೆ ಅದು ಒಳಗೊಳಗೇ ಒಡೆದು ಅಸಿಟಿಕ್ ಆಸಿಡ್ ಬಿಡುತ್ತದೆ. ವಿನೆಗರ್ ಅಂದರೆ ಅದೇ. ಹೊರಗೆ ಬಂದ ಆಸಿಡ್ ಮತ್ತೆ ಫಿಲ್ಮನ್ನೇ ತಿನ್ನುತ್ತದೆ, ಇನ್ನೂ ಜಾಸ್ತಿ ಆಸಿಡ್ ಬರುತ್ತದೆ. ಒಮ್ಮೆ ಶುರುವಾದರೆ ಓಟ ಹೆಚ್ಚುತ್ತಲೇ ಹೋಗುತ್ತದೆ. ಪಕ್ಕದ ಒಳ್ಳೆ ರೀಲಿಗೂ ಹಬ್ಬುತ್ತದೆ. ಹಾಗಾಗಿ ವಾಸನೆ ಬರುವ ರೀಲನ್ನು ಅವತ್ತೇ ಬೇರೆ ಇಡಬೇಕು.

ಇದೇ ಅಸಿಟೇಟ್ ಜಾತಿಯ ಟ್ರೈಅಸಿಟೇಟ್ ಫಿಲ್ಮ್ ಬಂದಿದ್ದು 1948ರಲ್ಲಿ. ಹತ್ತು ವರ್ಷ ತುಂಬುವ ಮೊದಲೇ ಕೊಡಕ್ ಕಂಪನಿಗೆ 'ನಿಮ್ಮ ಫಿಲ್ಮ್ ಕೆಡುತ್ತಿದೆ' ಅಂತ ಮೊದಲ ದೂರು ಹೋಯಿತು. ಹೋಗಿದ್ದು ನಮ್ಮ ಭಾರತ ಸರ್ಕಾರದಿಂದ. ಬಿಸಿ, ತೇವ ಇರುವ ಜಾಗದಲ್ಲಿ ಇಟ್ಟ ಫಿಲ್ಮ್‌ಗಳವು. ಫಿಲ್ಮು, ಫೋಟೋ ಎಷ್ಟು ಬಾಳುತ್ತವೆ ಅಂತ ಪರೀಕ್ಷಿಸುವ ಅಮೆರಿಕದ ಇಮೇಜ್ ಪರ್ಮನೆನ್ಸ್ ಇನ್‌ಸ್ಟಿಟ್ಯೂಟಿನವರ ಲೆಕ್ಕದಲ್ಲಿ, 21 ಡಿಗ್ರಿ ಇರುವ, ತೇವ ಶೇ 50ರಷ್ಟಿರುವ ಕೋಣೆಯಲ್ಲಿ ಹೊಸ ಫಿಲ್ಮ್ ಇಟ್ಟರೆ ಈ ರೋಗ ಶುರುವಾಗಲು ಸುಮಾರು 40 ವರ್ಷ ಬೇಕು. ನಮ್ಮ ಕಲಬುರಗಿಯಲ್ಲಿ ಮೇ ತಿಂಗಳಲ್ಲಿ 42 ಡಿಗ್ರಿ ದಾಟುತ್ತದೆ. ತಗಡಿನ ಟ್ರಂಕು, ಅದು ಅಟ್ಟದ ಮೇಲೆ, ಅದರ ಮೇಲೆ ಕಾದ ಮಾಳಿಗೆ. ಮಳೆಗಾಲಕ್ಕೆ ಮತ್ತೆ ತೇವ. ಇಷ್ಟು ವರ್ಷ ಆ ರೀಲು ಉಳಿದಿದ್ದೇ ದೊಡ್ಡದು.

ಇಂಥ ಫಿಲ್ಮ್ ಕುಗ್ಗುತ್ತದೆ. ಕುಗ್ಗಿದ್ದು ಕಣ್ಣಿಗೆ ಕಾಣುವುದಿಲ್ಲ. ಅಕ್ಕನ ಮುಂದೆಯೇ ಟೇಬಲ್ ಮೇಲೆ ಸೂಪರ್ 8 ಅನ್ನುವ, 8 ಮಿಲಿಮೀಟರ್ ಅಗಲದ ಮನೆ ಮೂವಿ ಫಿಲ್ಮಿನ ಒಂದು ಹೊಸ ತುಂಡು ಹಾಸಿದೆ. ನೂರು ಫ್ರೇಮ್, ಅಂದರೆ ಸುಮಾರು 42 ಸೆಂಟಿಮೀಟರ್. ಅದರ ಪಕ್ಕಕ್ಕೆ ಅವರ ರೀಲಿನ ಪಟ್ಟಿ ಇಟ್ಟೆ. ಮೊದಲ ತೂತಿಗೆ ತೂತು ಸರಿಯಾಗಿ ಕೂಡಿಸಿದೆ. ಇಪ್ಪತ್ತನೇ ಫ್ರೇಮಿನ ಹತ್ತಿರ ಕೂದಲೆಳೆಯಷ್ಟು ತಪ್ಪಿತು. ಐವತ್ತಕ್ಕೆ ಬರುವಾಗ ಅರ್ಧ ಫ್ರೇಮ್. ಹೊಸದರಲ್ಲಿ ನೂರು ಮುಗಿಯುವ ಜಾಗದಲ್ಲಿ ಹಳೆಯದರಲ್ಲಿ ನೂರಾ ಒಂದು. ನೂರಕ್ಕೆ ಒಂದು ಕುಗ್ಗಿದೆ ಅಂತ ಅರ್ಥ. ಪ್ರೊಜೆಕ್ಟರಿನ ಹಲ್ಲುಗಳು ಇರುವುದು ಹೊಸ ಫಿಲ್ಮಿನ ಅಳತೆಗೆ. ಕುಗ್ಗಿದ ಫಿಲ್ಮಿನ ತೂತಿಗೆ ಅವು ಸರಿಯಾಗಿ ಕೂರುವುದಿಲ್ಲ, ಅಂಚನ್ನು ಹರಿಯುತ್ತವೆ. ಒಂದು ಹರಿದರೆ ಸಾಲಾಗಿ ಹರಿಯುತ್ತಾ ಹೋಗುತ್ತದೆ.

ಇನ್ನೊಂದು ಅಪಾಯ ಲೈಟಿನದು. ಇದನ್ನು ನಾನು ಕಲಿತಿದ್ದು ಒಬ್ಬರ ಮನೆಯ ರೀಲು ಕಳೆದು. ಶುರುವಿನ ವರ್ಷಗಳಲ್ಲಿ ನನ್ನ ಹತ್ತಿರ ಸ್ಕ್ಯಾನರ್ ಇರಲಿಲ್ಲ. ಗೋಡೆ ಮೇಲೆ ಪ್ರೊಜೆಕ್ಟರ್ ಬಿಟ್ಟು ಎದುರಿಗೆ ಹ್ಯಾಂಡಿಕ್ಯಾಮ್ ಇಟ್ಟು ಶೂಟ್ ಮಾಡುತ್ತಿದ್ದೆ. ಒಂದು ಮದುವೆಯ ರೀಲು ಗೇಟಿನಲ್ಲಿ, ಅಂದರೆ ಬಲ್ಬಿನ ಎದುರು ಫಿಲ್ಮ್ ಹಾಯುವ ಸಂದಿನಲ್ಲಿ, ಸಿಕ್ಕಿಬಿತ್ತು. ನಾನು ಎದ್ದು ಸ್ವಿಚ್ ಆರಿಸುವಷ್ಟರಲ್ಲಿ ಗೋಡೆ ಮೇಲೆ ಮದುಮಗಳ ಮುಖದ ನಡುವೆ ಕಂದು ಗುಳ್ಳೆ ಎದ್ದು, ಒಡೆದು, ಬೆಳ್ಳಗಾಯಿತು. ಆ ಮನೆಯವರು ನನ್ನನ್ನು ಬೈಯಲಿಲ್ಲ. ಆದರೆ ಆ ಫ್ರೇಮು ಇನ್ನೆಲ್ಲೂ ಇಲ್ಲ ಅನ್ನುವುದು ಇವತ್ತಿಗೂ ನನ್ನ ಎದೆಯಲ್ಲಿ ಕೂತಿದೆ. ಅವತ್ತಿನಿಂದ ಯಾರ ರೀಲನ್ನೂ ಪ್ರೊಜೆಕ್ಟರಿಗೆ ಹಚ್ಚಿಲ್ಲ.

ಗೋಡೆ ಮೇಲಿನದನ್ನು ಶೂಟ್ ಮಾಡಿದರೆ ಚಿತ್ರವೂ ಚೆನ್ನಾಗಿ ಬರುವುದಿಲ್ಲ, ಸುಮ್ನೆ ಮಿಣಮಿಣ ಅನ್ನುತ್ತದೆ. ಸೂಪರ್ 8 ಸೆಕೆಂಡಿಗೆ 18 ಫ್ರೇಮ್ ಓಡುತ್ತದೆ. ಪ್ರೊಜೆಕ್ಟರಿನ ಮೂರು ರೆಕ್ಕೆಯ ಶಟರ್ ಪ್ರತಿ ಫ್ರೇಮನ್ನು ಮೂರು ಸಲ ತೋರಿಸುತ್ತದೆ, ಅಂದರೆ ಸೆಕೆಂಡಿಗೆ 54 ಮಿಂಚು. ನಮ್ಮ ವಿಡಿಯೋ ಕ್ಯಾಮೆರಾ ಹಿಡಿಯುವುದು 25. ಎರಡಕ್ಕೂ ತಾಳ ಕೂಡುವುದಿಲ್ಲ. ಈಗಲೂ ಕೆಲವರು ಹೀಗೇ ಮಾಡಿ ಕೊಡುತ್ತಾರೆ. ರೀಲು ಕೊಡುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಒಂದೊಂದು ಫ್ರೇಮನ್ನೂ ಬೇರೆ ಬೇರೆ ಸ್ಕ್ಯಾನ್ ಮಾಡುತ್ತೀರಾ? ಇಲ್ಲ ಅಂದರೆ ರೀಲು ವಾಪಸ್ ತನ್ನಿ.

ನಿಮ್ಮ ರೀಲು ಯಾವುದು ಅಂತ ಮನೆಯಲ್ಲೇ ಗುರುತಿಸಬಹುದು. 1932ರಲ್ಲಿ ಬಂದ ಹಳೇ 8 ಎಂಎಂನಲ್ಲಿ ತೂತು ದೊಡ್ಡದು, ಎರಡು ಫ್ರೇಮುಗಳ ನಡುವಿನ ಗೆರೆಯ ಹತ್ತಿರ ಇರುತ್ತದೆ. 1965ರ ಸೂಪರ್ 8ರಲ್ಲಿ ತೂತು ಸಣ್ಣದು, ಫ್ರೇಮಿನ ಸರಿಮಧ್ಯಕ್ಕೆ ಇರುತ್ತದೆ, ರೀಲಿನ ನಡುವಿನ ರಂಧ್ರ ದೊಡ್ಡದು. ಅಗಲ ಎರಡರಷ್ಟಿದ್ದರೆ 16 ಎಂಎಂ. ಅಂಚಿನಲ್ಲಿ ಕಂದು ಬಣ್ಣದ ಸಣ್ಣ ಪಟ್ಟಿ ಕಂಡರೆ ಅದರಲ್ಲಿ ಧ್ವನಿ ಇರಬಹುದು, ಸ್ಕ್ಯಾನ್ ಮಾಡುವವರಿಗೆ ಅದನ್ನು ಮೊದಲೇ ಹೇಳಿ. ಮನೆ ರೀಲುಗಳಲ್ಲಿ ಹೆಚ್ಚಿನವು ಮೂಕವೇ.

ಅಕ್ಕನ ಒಂಬತ್ತರಲ್ಲಿ ಎಂಟು ಸೂಪರ್ 8, ಎಲ್ಲವೂ 50 ಅಡಿಯವು. ಒಂದು ರೀಲಿನಲ್ಲಿ 3,600 ಫ್ರೇಮ್. ಓಡಿಸಿದರೆ 3 ನಿಮಿಷ 20 ಸೆಕೆಂಡಿಗೆ ಮುಗಿಯುತ್ತದೆ. ಅಷ್ಟೇನಾ ಅಂತ ಕೇಳುತ್ತಾರೆ ಜನ. ಫೋನಿನಲ್ಲಿ ಗಂಟೆಗಟ್ಟಲೆ ತೆಗೆಯುವ ಕಾಲದಲ್ಲಿ ಅದು ಕಮ್ಮಿ ಅನಿಸಬಹುದು. ಆದರೆ ಫಿಲ್ಮ್ ತುಟ್ಟಿ ಇದ್ದ ದಿನಗಳಲ್ಲಿ ಒಬ್ಬ ಅಪ್ಪ ಬಟನ್ ಒತ್ತಿದ್ದಾರೆ ಅಂದರೆ, ಆ ಹತ್ತು ಸೆಕೆಂಡು ಅವರಿಗೆ ಬೇಕೇ ಬೇಕು ಅನಿಸಿತ್ತು ಅಂತ ಅರ್ಥ ಅಲ್ವಾ?

ಮೊದಲು ಸ್ವಚ್ಛ ಮಾಡುವ ಕೆಲಸ. ನೀರು ಮುಟ್ಟಿಸಬೇಡಿ, ಚಿತ್ರ ಇರುವ ಪದರ ಜೆಲಟಿನ್ನಿನದು, ನೆನೆದರೆ ಕಿತ್ತುಬರುತ್ತದೆ. ಎಳೆ ಬಿಡದ ಮೆತ್ತನೆ ಬಟ್ಟೆಗೆ ಶುದ್ಧ ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ ಹಾಕಿ, ಎರಡು ಬೆರಳ ನಡುವೆ ಹಿಡಿದು, ನಿಧಾನಕ್ಕೆ ರೀಲು ತಿರುಗಿಸುತ್ತೇನೆ. ಬಟ್ಟೆ ಕಪ್ಪಾಗುತ್ತದೆ, ಜಾಗ ಬದಲಿಸುತ್ತೇನೆ. ಬೆರಳಿಗೆ ಎಲ್ಲಿ ತಡೆಯಿತು ಅಲ್ಲಿ ನಿಲ್ಲಬೇಕು. ಅದು ಹಳೇ ಜೋಡಣೆ ಇರಬಹುದು, ಹರಿದ ತೂತು ಇರಬಹುದು. ಅದಕ್ಕೆ ಫಿಲ್ಮ್ ಟೇಪ್ ಹಚ್ಚಿ ಮುಂದೆ ಹೋಗಬೇಕು. ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಒಣಗಿದ ಫಿಲ್ಮ್ ಹಪ್ಪಳದ ಹಾಗೆ ಮುರಿಯುತ್ತದೆ.

ಸ್ಕ್ಯಾನರಿನಲ್ಲಿ ಹಲ್ಲಿನ ಚಕ್ರ ಇರಬಾರದು, ನುಣುಪಾದ ರೋಲರ್ ಮಾತ್ರ ಇರಬೇಕು. ಬೆಳಕು ಎಲ್‌ಇಡಿ, ಬಿಸಿ ಇಲ್ಲ. ಒಂದೊಂದು ಫ್ರೇಮಿಗೂ ಒಂದು ಫೋಟೋ. ಸೂಪರ್ 8ರ ಒಂದು ಫ್ರೇಮ್ ಆರು ಮಿಲಿಮೀಟರಿಗಿಂತ ಕಮ್ಮಿ ಅಗಲ, ಕಿರುಬೆರಳಿನ ಉಗುರಿಗಿಂತ ಸಣ್ಣದು. ಅದಕ್ಕೆ 2ಕೆ ಸ್ಕ್ಯಾನ್, ಅಂದರೆ ಅಗಲಕ್ಕೆ ಸುಮಾರು ಎರಡು ಸಾವಿರ ಚುಕ್ಕಿ, ಸಾಕು. 4ಕೆ ಅಂತ ಜಾಸ್ತಿ ದುಡ್ಡು ಕೊಟ್ಟರೆ ಸಿಗುವುದು ಫಿಲ್ಮಿನ ಕಾಳುಕಾಳು ಮಾತ್ರ.

ವೇಗದ ಬಗ್ಗೆ ಬಹಳ ಜನ ಗಮನ ಕೊಡುವುದಿಲ್ಲ. ನನಗೆ ಇದು ಎಲ್ಲಕ್ಕಿಂತ ಮುಖ್ಯ. 18ರಲ್ಲಿ ತೆಗೆದ ಚಿತ್ರವನ್ನು 25ರಲ್ಲಿ ಓಡಿಸಿದರೆ ಜನ ಗೊಂಬೆಗಳ ಹಾಗೆ ಪಟಪಟ ಓಡುತ್ತಾರೆ. ಹಳೇ ಸಿನಿಮಾ ಅಂದರೆ ಹೀಗೇ ಅಂತ ನಾವು ನಕ್ಕು ಸುಮ್ಮನಾಗುತ್ತೇವೆ. ಅಕ್ಕನಿಗೆ ಎರಡನ್ನೂ ತೋರಿಸಿದೆ. ಕ್ವಾರ್ಟರ್ಸಿನ ಅಂಗಳದಲ್ಲಿ ಅವರ ಅವ್ವ ಕೊಡ ಹೊತ್ತು ಬರುವ ದೃಶ್ಯ. 25ರಲ್ಲಿ ನೋಡಿ ಅಕ್ಕ ಸುಮ್ಮನೆ ಕೂತಿದ್ದರು. 18ಕ್ಕೆ ಇಳಿಸಿದೆ. ಅವ್ವ ಎಡಗಾಲು ಸ್ವಲ್ಪ ಎಳೆದು ಇಡುತ್ತಿದ್ದುದು ಕಂಡಿತು. ಅಕ್ಕ ಸೆರಗು ಬಾಯಿಗೆ ಹಿಡಿದುಕೊಂಡರು. "ನಮ್ಮವ್ವ ಹಿಂಗ ನಡೀತಿದ್ಲು" ಅಂದರು. ಸೀರೆಯ ಕೆಂಪು ಹಾಗೇ ಇತ್ತು. ಅದು ಕೊಡಕ್ ಕಂಪನಿಯ ಕೊಡಕ್ರೋಮ್ ಕಲರ್ ಫಿಲ್ಮ್, ಅದರ ಬಣ್ಣ ಕತ್ತಲಲ್ಲಿ ಇಟ್ಟರೆ ಬಹಳ ಗಟ್ಟಿ. ಬೇರೆ ಕೆಲವು ಕಲರ್ ಫಿಲ್ಮ್‌ಗಳು ಇಷ್ಟು ವರ್ಷದಲ್ಲಿ ಬರೀ ಗುಲಾಬಿಯಾಗಿ ಬಿಡುತ್ತವೆ.

ಇತ್ತೀಚೆಗೆ ಎಐ ಹಾಕಿ ಮುಖ ಚೂಪು ಮಾಡಿ ಕೊಡಿ ಅನ್ನುವವರು ಬಂದಿದ್ದಾರೆ. ನಾನು ಬೇಡ ಅನ್ನುತ್ತೇನೆ. ಫಿಲ್ಮಿನಲ್ಲಿ ಇಲ್ಲದ ವಿವರವನ್ನು ಅದು ತಾನೇ ಊಹಿಸಿ ಬರೆಯುತ್ತದೆ. ನಿಮ್ಮ ಮುತ್ಯಾನ ಮುಖಕ್ಕೆ ಇನ್ಯಾರದೋ ಕಣ್ಣು, ಇನ್ಯಾರದೋ ಹಲ್ಲು ಬರುತ್ತದೆ. ಮಾಡಿಸಲೇಬೇಕು ಅಂದರೆ ಅದರ ಫೈಲು ಬೇರೆ ಇರಲಿ, ಮೂಲ ಸ್ಕ್ಯಾನನ್ನು ಹಾಗೇ ಇಟ್ಟುಕೊಳ್ಳಿ.

ವಿಡಿಯೋ ಕ್ಯಾಸೆಟ್ ಇರುವವರಿಗೂ ಎರಡು ಮಾತು. ಕ್ಯಾಸೆಟ್ಟಿನ ಕಿಟಕಿಯಲ್ಲಿ ಬಿಳಿ ಬೂಸ್ಟು ಕಂಡರೆ ಪ್ಲೇಯರಿಗೆ ಹಾಕಬೇಡಿ, ಹೆಡ್ ಕೆಡುತ್ತದೆ, ಅದೇ ಬೂಸ್ಟು ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದೆ. ಜಪಾನಿನ ಫುನಾಯ್ ಕಂಪನಿ ವಿಸಿಆರ್, ಅಂದರೆ ಕ್ಯಾಸೆಟ್ ಪ್ಲೇಯರ್, ತಯಾರಿಸುವುದನ್ನು 2016ಕ್ಕೇ ನಿಲ್ಲಿಸಿದೆ. ಒಳ್ಳೆ ಪ್ಲೇಯರುಗಳು ಇರುವಾಗಲೇ ಮಾಡಿಸಿಕೊಳ್ಳಿ. ಹಿಂದೆ ಡಿವಿಡಿ ಮಾಡಿಸಿದ್ದೇವೆ ಅಂತ ಸುಮ್ಮನಿರಬೇಡಿ. ಮನೆಯಲ್ಲಿ ಬರೆದ ಡಿವಿಡಿ ನಮ್ಮ ಬಿಸಿಲಿಗೆ ಕ್ಯಾಸೆಟ್ಟಿಗಿಂತ ಮೊದಲೇ ಕೈ ಕೊಟ್ಟಿದ್ದನ್ನು ನಾನು ನೋಡಿದ್ದೇನೆ.

ಕೆಲಸ ಮುಗಿದ ಮೇಲೆ ಎರಡು ಫೈಲು ಕೇಳಿ ತೆಗೆದುಕೊಳ್ಳಿ. ಒಂದು ದೊಡ್ಡ ಮಾಸ್ಟರ್ ಫೈಲು, ಇನ್ನೊಂದು ಫೋನಿನಲ್ಲಿ ನೋಡಲು ಎಂಪಿ4. ಮಾಸ್ಟರ್ ಎರಡು ಹಾರ್ಡ್ ಡಿಸ್ಕಿನಲ್ಲಿ ಇರಲಿ, ಎರಡೂ ಒಂದೇ ಮನೆಯಲ್ಲಿ ಬೇಡ. ವಾಟ್ಸಾಪಿನಲ್ಲಿ ಎಲ್ಲರಿಗೂ ಕಳಿಸಿದ್ದೇವೆ, ಅಲ್ಲೇ ಇರುತ್ತದೆ ಅಂತ ನೆಚ್ಚಬೇಡಿ. ಅದು ಚಿತ್ರವನ್ನು ಹಿಂಡಿ ಸಣ್ಣದು ಮಾಡಿ ಕಳಿಸುತ್ತದೆ.

ಆಮೇಲೆ ಎಲ್ಲರೂ ಕೇಳುವ ಮಾತು: "ರೀಲು ಇನ್ನೇನು ಬೇಕ್ರಿ, ಒಗೆದುಬಿಡೋದ?" ದಯವಿಟ್ಟು ಒಗೆಯಬೇಡಿ. ಹಾರ್ಡ್ ಡಿಸ್ಕ್ ಒಂದು ದಿನ ಏಳದೇ ಹೋಗಬಹುದು. ಮುಂದೆ ಇನ್ನೂ ಒಳ್ಳೆ ಸ್ಕ್ಯಾನರ್ ಬರಬಹುದು. ತಗಡಿನ ಡಬ್ಬಿ ಬಿಡಿ, ರಬ್ಬರ್ ಬ್ಯಾಂಡ್ ತೆಗೆಯಿರಿ. ಗಾಳಿ ಆಡುವ ರಟ್ಟಿನ ಡಬ್ಬಿಯಲ್ಲಿ ಹಾಕಿ, ಮನೆಯ ನಡುಕೋಣೆಯ ಕಪಾಟಿನ ಕೆಳಗಿನ ಖಾನೆಯಲ್ಲಿ ಇಡಿ. ಶಹಾಬಾದಿ ಕಲ್ಲು ಹಾಸಿದ ಹಳೇ ಮನೆಗಳಲ್ಲಿ ಮಧ್ಯಾಹ್ನವೂ ತಣ್ಣಗಿರುವ ಕೋಣೆ ಒಂದು ಇದ್ದೇ ಇರುತ್ತದೆ, ಅದೇ ಜಾಗ.

ಇನ್ನೊಂದು ಕೆಲಸ ಸ್ಟುಡಿಯೋದಲ್ಲಿ ಆಗುವುದಿಲ್ಲ, ನೀವೇ ಮಾಡಬೇಕು. ಅಕ್ಕನ ನಾಲ್ಕನೇ ರೀಲಿನಲ್ಲಿ ಒಂದು ಹೊಳೆ, ತುಂಬ ಜನ, ಬೋಳುತಲೆಯ ಒಂದು ಕೂಸು. ಯಾವ ಊರು, ಯಾವ ವರ್ಷ, ಅಕ್ಕನಿಗೆ ಗೊತ್ತಿರಲಿಲ್ಲ. ಕೊಡಕ್‌ನವರು ಫಿಲ್ಮಿನ ಅಂಚಿನಲ್ಲಿ ವೃತ್ತ, ಚೌಕ, ತ್ರಿಕೋನಗಳಲ್ಲಿ ತಯಾರಾದ ವರ್ಷ ಗುರುತು ಹಾಕುತ್ತಿದ್ದರು. 20 ವರ್ಷಕ್ಕೊಮ್ಮೆ ಅದೇ ಗುರುತು ಮರಳಿ ಬರುತ್ತಿತ್ತು. ಇದರ ಗುರುತು 1951 ಅಥವಾ 1971 ಅಂತು. 1951ರಲ್ಲಿ ಸೂಪರ್ 8 ಇರಲಿಲ್ಲ, ಹಾಗಾಗಿ 1971. ನನ್ನಿಂದ ಆಗುವುದು ಅಲ್ಲಿಗೆ ಮುಗಿಯಿತು.

ಮುಂದಿನ ವಾರ ಅಕ್ಕ ತಮ್ಮ ಕಾಕುನ್ನ ಕರೆದುಕೊಂಡು ಬಂದರು. ಎಂಬತ್ತು ದಾಟಿದ ಜೀವ. ಟಿವಿಯಲ್ಲಿ ರೀಲು ಹಚ್ಚಿ, ಪಕ್ಕಕ್ಕೆ ಫೋನಿನ ರೆಕಾರ್ಡರ್ ಆನ್ ಮಾಡಿಟ್ಟೆವು. ಕಾಕು ಕನ್ನಡಕ ಒರೆಸಿಕೊಂಡು ಮುಂದೆ ಸರಿದು ಕೂತರು.

"ಇದು ಗಾಣಗಾಪುರದ ಸಂಗಮ. ನಿಮ್ಮಣ್ಣನ ಜಾವಳ ತಗಸಾಕ ಹೋಗಿದ್ವಿ. ಆಕಿ ನೋಡು, ಹಸರು ಸೀರಿ, ಆಕೀನ ನಿಮ್ಮ ಸೋದರತ್ತಿ. ನೀ ಹುಟ್ಟೋಕಿಂತ ಮೊದಲ ಹೋದ್ಲು. ಸ್ವಲ್ಪ ನಿಂದರಸು ತಮ್ಮಾ, ಅಲ್ಲೇ ನಿಂದರಸು."

ನಿಲ್ಲಿಸಿದೆ. ಈಗ ನಿಲ್ಲಿಸಿದರೆ ಸುಡುವುದಿಲ್ಲ. ಕಾಕು ಆ ಫ್ರೇಮಿನ ಮುಂದೆ ಬಹಳ ಹೊತ್ತು ಮಾತಾಡಿದರು. ಮೂರು ನಿಮಿಷದ ರೀಲಿಗೆ ಮುಕ್ಕಾಲು ಗಂಟೆಯ ಧ್ವನಿ ಸಿಕ್ಕಿತು. ಅದನ್ನೂ ಅದೇ ಹಾರ್ಡ್ ಡಿಸ್ಕಿನಲ್ಲಿ, ಅದೇ ನಂಬರ್ ಹಾಕಿ ಇಟ್ಟುಕೊಟ್ಟೆ. ಉಳಿದ ಐದು ರೀಲು ನೋಡಲು ಕಾಕು ಸೋಮವಾರ ಮತ್ತೆ ಬರುತ್ತೇನೆ ಅಂದರು.