ಪಾರ್ಸ್ಲಿ ಎಲೆಯಿಂದ ಪಾರ್ಲಿಮೆಂಟಿಗೆ: ಪೀಲ್ ಮನೆತನದ ಕತೆ

ಲಂಡನ್ನಿನ ಪೊಲೀಸರನ್ನು ಇವತ್ತಿಗೂ ‘ಬಾಬಿ’ ಅಂತ ಕರೆಯುತ್ತಾರಲ್ಲ, ಆ ಬಾಬಿ (ರಾಬರ್ಟ್ ಎಂಬುದರ ಮುದ್ದು ಹೆಸರು) ಅಂದರೆ ಸರ್ ರಾಬರ್ಟ್ ಪೀಲ್. 1829ರಲ್ಲಿ ಆ ಪಡೆ ಕಟ್ಟಿದವನು, ಆಮೇಲೆ ಎರಡು ಸಲ ಪ್ರಧಾನಿಯಾದವನು. ಆದರೆ ಅವನು ಎರಡನೇ ಬ್ಯಾರೊನೆಟ್, ಅಂದರೆ ಅಪ್ಪನಿಂದ ಮಗನಿಗೆ ದಾಟುವ ‘ಸರ್’ ಪದವಿ ಪಡೆದ ಎರಡನೆಯವನು. ಹಾಗಾದರೆ ಮೊದಲನೆಯವನು ಯಾರು, ದುಡ್ಡು ಎಲ್ಲಿಂದ ಬಂತು ಅಂತ ಕೆದಕಿದರೆ ಕತೆ ಒಂದು ಊಟದ ತಟ್ಟೆಯ ಮುಂದೆ ಹೋಗಿ ನಿಲ್ಲುತ್ತದೆ.

ಒಂದು ತೊಂದರೆ ಇದೆ. ಈ ಮನೆಯಲ್ಲಿ ಅಜ್ಜ, ಅಪ್ಪ, ಮಗ, ಮೊಮ್ಮಗ ಎಲ್ಲರೂ ರಾಬರ್ಟ್. ಅದಕ್ಕೇ ಸುಮ್ನೆ ಅಜ್ಜ, ಅಪ್ಪ, ಮಗ ಅಂತಲೇ ಹೇಳುತ್ತೇನೆ.

ಅಜ್ಜ ಹುಟ್ಟಿದ್ದು 1723ರಲ್ಲಿ. ಲ್ಯಾಂಕಾಶೈರಿನ ಬ್ಲ್ಯಾಕ್‌ಬರ್ನ್ ಹತ್ತಿರ ಒಂದಿಷ್ಟು ಜಮೀನು ಇದ್ದ ರೈತ ಕುಟುಂಬ. 1760ರ ದಶಕದಲ್ಲಿ ಹೆಂಡತಿ ಕಡೆಯ ಹಾವರ್ತ್ ಮತ್ತು ಯೇಟ್ಸ್ ಎಂಬವನ ಜೊತೆ ಸೇರಿ ಬಟ್ಟೆಗೆ ಅಚ್ಚು ಹಾಕುವ ಕೆಲಸ ಶುರು ಮಾಡಿದ. ಊಟದ ತವರದ ತಟ್ಟೆಯ ಮೇಲೆ ಪಾರ್ಸ್ಲಿ ಎಲೆಯ ಚಿತ್ರ ಕೆತ್ತಿ, ಗೀರಿನೊಳಗೆ ಬಣ್ಣ ತುಂಬಿ, ಮೇಲೆ ಬಟ್ಟೆ ಒತ್ತಿ ನೋಡಿದನಂತೆ. ಪಾರ್ಸ್ಲಿ ಅಂದರೆ ನಮ್ಮ ಕೊತ್ತಂಬರಿ ಸೊಪ್ಪಿನ ತಮ್ಮ ಅಂದುಕೊಳ್ಳಿ. ತಟ್ಟೆಯ ಕತೆ ಎಷ್ಟು ನಿಜವೋ, ಆ ಎಲೆಯ ಅಚ್ಚು ಮಾತ್ರ ಚೆನ್ನಾಗಿ ಖರ್ಚಾಯಿತು. ಜನ ಅವನನ್ನು ‘ಪಾರ್ಸ್ಲಿ ಪೀಲ್’ ಅಂತಲೇ ಕರೆದರು.

ಇಲ್ಲಿ ನಮ್ಮ ಕಡೆಯ ನಂಟೂ ಇದೆ. ಇವರು ಅಚ್ಚು ಹಾಕುತ್ತಿದ್ದ ಬಟ್ಟೆಯ ಹೆಸರು ‘ಕ್ಯಾಲಿಕೊ’, ಅಂದರೆ ಕಲ್ಲಿಕೋಟೆಯದು. ಭಾರತದಿಂದ ಹೋದ ಹೂವಿನ ಚೀಟಿ ಬಟ್ಟೆಗೆ ಇಂಗ್ಲೆಂಡಿನ ಹೆಂಗಸರು ಎಷ್ಟು ಮರುಳಾಗಿದ್ದರೆಂದರೆ, ಅಲ್ಲಿನ ಉಣ್ಣೆ, ರೇಷ್ಮೆ ನೇಯುವವರು ಗಲಾಟೆ ಮಾಡಿ 1700ರಲ್ಲಿ ಅದರ ಆಮದಿಗೆ ತಡೆ ಹಾಕಿಸಿದರು. 1721ರಲ್ಲಿ ಅಚ್ಚಿನ ಹತ್ತಿ ಬಟ್ಟೆ ತೊಡುವುದೇ ತಪ್ಪು ಅಂತಾಯಿತು. ಬೇಡಿಕೆ ಹಾಗೇ ಇತ್ತು, ಮಾಲು ಬರುವ ದಾರಿ ಮಾತ್ರ ಮುಚ್ಚಿತ್ತು. ತಮ್ಮದೇ ದೇಶದಲ್ಲಿ ನೇಯ್ದ ಬಟ್ಟೆಗೆ 1774ರಲ್ಲಿ ಆ ಕಾನೂನು ಸಡಿಲವಾದಾಗ ಪೀಲ್‌ನಂಥವರು ಅಚ್ಚು, ಬಣ್ಣ ಎಲ್ಲ ಇಟ್ಟುಕೊಂಡು ತಯಾರಾಗಿ ಕೂತಿದ್ದರು. ಅದೃಷ್ಟ ಅನ್ನಿ, ಜಾಣತನ ಅನ್ನಿ.

ಎಲ್ಲ ಸಲೀಸಾಗಿ ಆಗಲಿಲ್ಲ. ಯಂತ್ರ ಬಂದರೆ ನಮ್ಮ ಅನ್ನ ಹೋಗುತ್ತದೆ ಅಂತ ರೊಚ್ಚಿಗೆದ್ದ ಜನ 1779ರಲ್ಲಿ ಅವನ ಯಂತ್ರಗಳನ್ನು ಪುಡಿ ಮಾಡಿದರು. ಅಜ್ಜ ಊರೇ ಬೇಡ ಅಂತ ಬರ್ಟನ್‌ಗೆ ಹೊರಟುಹೋದ.

ಅಪ್ಪ ಇನ್ನೂ ದೊಡ್ಡ ಕುಳ. ಬರಿ ಎಂಬ ಊರಲ್ಲಿ ಯೇಟ್ಸ್ ಜೊತೆ ಪಾಲುದಾರನಾಗಿ, 1783ರಲ್ಲಿ ಆ ಪಾಲುದಾರನ ಮಗಳನ್ನೇ ಮದುವೆಯಾದ. ಟ್ಯಾಮ್‌ವರ್ತ್ ಬಳಿ ಡ್ರೇಟನ್ ಮ್ಯಾನರ್ ಎಸ್ಟೇಟ್ ಕೊಂಡು, 1790ರಲ್ಲಿ ಅಲ್ಲಿಂದಲೇ ಎಂಪಿ ಆದ. 1800ರಲ್ಲಿ ಬ್ಯಾರೊನೆಟ್ ಪದವಿಯೂ ಬಂತು. ಹೆಸರಿನ ಮೊದಲು ‘ಸರ್’ ಬರುತ್ತದೆ, ಹಿರಿಮಗನಿಗೆ ದಾಟುತ್ತದೆ, ಆದರೆ ಪಾರ್ಲಿಮೆಂಟಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿ ಕುರ್ಚಿ ಸಿಗುವುದಿಲ್ಲ. ಹಾಗಾಗಿ ಬ್ಯಾರೊನೆಟ್ ಆದವನು ಕೆಳಮನೆಯಾದ ಕಾಮನ್ಸ್‌ಗೆ ಆರಾಮಾಗಿ ನಿಲ್ಲಬಹುದು. 1611ರಲ್ಲಿ ಒಂದನೇ ಜೇಮ್ಸ್ ದೊರೆ ಈ ಪದವಿ ಶುರು ಮಾಡಿದ್ದೇ ಖಜಾನೆಗೆ ದುಡ್ಡು ಬೇಕು ಅಂತ. ಆಗಿನ ರೇಟು 1,095 ಪೌಂಡ್!

ಈ ಅಪ್ಪನನ್ನು ಒಳ್ಳೆಯವನು ಅನ್ನಬೇಕೋ ಕೆಟ್ಟವನು ಅನ್ನಬೇಕೋ ನನಗಂತೂ ಬಗೆಹರಿದಿಲ್ಲ. ಅವನ ಗಿರಣಿಗಳಲ್ಲಿ ಅನಾಥ ಮಕ್ಕಳು ದುಡಿಯುತ್ತಿದ್ದರು. 1784ರಲ್ಲಿ ರ‍್ಯಾಡ್‌ಕ್ಲಿಫ್ ಗಿರಣಿಯಲ್ಲಿ ಜ್ವರ ಹಬ್ಬಿ ಮ್ಯಾಂಚೆಸ್ಟರಿನ ಡಾಕ್ಟರುಗಳು ಬಂದು ನೋಡಬೇಕಾಯಿತು. ಮುಂದೆ ಅದೇ ಮನುಷ್ಯ 1802ರಲ್ಲಿ ಕಾನೂನು ತಂದ: ಅಂಥ ಮಕ್ಕಳಿಗೆ ದಿನಕ್ಕೆ 12 ಗಂಟೆಗಿಂತ ಜಾಸ್ತಿ ಕೆಲಸ ಇಲ್ಲ, ಓದು ಬರಹ ಕಲಿಸಬೇಕು, ಗಿರಣಿಗೆ ವರ್ಷಕ್ಕೆ ಎರಡು ಸಲ ಸುಣ್ಣ ಬಳಿಸಬೇಕು. ಸರಿಯಾಗಿ ತಪಾಸಣೆ ಮಾಡುವವರಿಲ್ಲದೆ ಅದು ಹೆಚ್ಚುಕಮ್ಮಿ ಕಾಗದದಲ್ಲೇ ಉಳಿಯಿತು. ಬ್ರಿಟನ್ನಿನ ಮೊದಲ ಕಾರ್ಖಾನೆ ಕಾನೂನು ಅಂತ ಹೇಳುವುದು ಇದನ್ನೇ.

ಮಗ ಹುಟ್ಟಿದ್ದು 1788ರಲ್ಲಿ. ಭಾನುವಾರ ಚರ್ಚಿನಿಂದ ಬಂದ ಮೇಲೆ ಹುಡುಗನನ್ನು ಮೇಜಿನ ಮೇಲೆ ನಿಲ್ಲಿಸಿ, ಪಾದ್ರಿ ಹೇಳಿದ್ದನ್ನೆಲ್ಲ ಅಪ್ಪ ಒಪ್ಪಿಸಲು ಹೇಳುತ್ತಿದ್ದನಂತೆ. ಹ್ಯಾರೋ, ಆಕ್ಸ್‌ಫರ್ಡ್ ಮುಗಿಸಿದ ಮಗನಿಗೆ 1809ರಲ್ಲಿ, 21ನೇ ವಯಸ್ಸಿಗೆ, ಐರ್ಲೆಂಡಿನ ಕ್ಯಾಶೆಲ್ ಸೀಟು ಸಿಕ್ಕಿತು. ಅಲ್ಲಿದ್ದದ್ದು ಬರೀ 24 ಮತದಾರರು, ಖರ್ಚು ಅಪ್ಪನದು. ಆದರೆ ದುಡ್ಡು ಕೊಟ್ಟ ಮಾತ್ರಕ್ಕೆ ಮಗ ಮಾತು ಕೇಳುತ್ತಾನಾ? 1819ರಲ್ಲಿ ನೋಟು ತಂದವರಿಗೆ ಬ್ಯಾಂಕು ಮತ್ತೆ ಚಿನ್ನ ಕೊಡಬೇಕು ಅಂತ ಮಗ ಸಮಿತಿಯ ಮುಖ್ಯಸ್ಥನಾಗಿ ಪಟ್ಟು ಹಿಡಿದಾಗ, ಅದು ಬೇಡ ಅನ್ನುವ ವ್ಯಾಪಾರಿಗಳ ಅರ್ಜಿ ಹಿಡಿದು ಸದನದಲ್ಲಿ ಎದ್ದು ನಿಂತವನು ಅಪ್ಪ. ಮಗ ಅಲ್ಲೇ, ಎಲ್ಲರೆದುರು, ಅಪ್ಪನ ವಿರುದ್ಧ ಮಾತಾಡಿದ. ಗೆದ್ದ ಕೂಡ.

1846ರಲ್ಲಿ ಇದೇ ಚಾಳಿ ತನ್ನ ಪಕ್ಷದ ಮೇಲೇ ತಿರುಗಿತು. ಹೊರಗಿನ ಧಾನ್ಯಕ್ಕೆ ಸುಂಕ ಹಾಕಿ ಜಮೀನ್ದಾರರನ್ನು ಕಾಯುತ್ತಿದ್ದ ಕಾನೂನನ್ನು, ಜಮೀನ್ದಾರರದೇ ಪಕ್ಷದ ಪ್ರಧಾನಿಯಾಗಿ ತೆಗೆದುಹಾಕಿದ. ಪಕ್ಷ ಒಡೆಯಿತು. ಜೂನ್ 29ರಂದು ರಾಜೀನಾಮೆ ಹೇಳಿದ. ಸರಿಯಾಗಿ ನಾಲ್ಕು ವರ್ಷಕ್ಕೆ, 1850ರ ಜೂನ್ 29ರಂದು, ಲಂಡನ್ನಿನಲ್ಲಿ ಕುದುರೆಯಿಂದ ಬಿದ್ದ. ಜುಲೈ 2ಕ್ಕೆ ತೀರಿಹೋದ. ಕೊನೆಯವರೆಗೂ ಅವನ ಮಾತಿನಲ್ಲಿ ಲ್ಯಾಂಕಾಶೈರಿನ ಎಳೆ ಉಳಿದಿತ್ತು, ದೊಡ್ಡ ಮನೆತನದವರು ಅದನ್ನು ಆಡಿಕೊಳ್ಳುತ್ತಿದ್ದರು.

ಆಮೇಲಿನದು ಇಳಿಜಾರು. ಮೂರನೇ ಬ್ಯಾರೊನೆಟ್, ಅಂದರೆ ಪ್ರಧಾನಿಯ ಹಿರಿಮಗ, ಕೂಡ ಎಂಪಿ, ಆದರೆ ಪ್ರಧಾನಿ ಪ್ರೀತಿಯಿಂದ ಕೂಡಿಟ್ಟಿದ್ದ ಚಿತ್ರಗಳನ್ನು 1871ರಲ್ಲಿ ನ್ಯಾಷನಲ್ ಗ್ಯಾಲರಿಗೆ 75,000 ಪೌಂಡಿಗೆ ಮಾರಿದ. ಅವನ ತಮ್ಮ ವಿಲಿಯಂ ನೌಕಾಪಡೆಯವನು, 1857ರ ದಂಗೆಯಲ್ಲಿ ಲಖನೌದವರೆಗೆ ಬಂದು ಮರುವರ್ಷ ಕಾನ್ಪುರದಲ್ಲಿ ಸಿಡುಬಿನಿಂದ ಸತ್ತ. ಡ್ರೇಟನ್ ಮ್ಯಾನರ್ ಬಂಗಲೆ ಕೆಡವಿಹೋಗಿ, ಈಗ ಅಲ್ಲಿ ಮಕ್ಕಳು ರೋಲರ್ ಕೋಸ್ಟರ್ ಹತ್ತುತ್ತಾರೆ. ಆರನೇ ಬ್ಯಾರೊನೆಟ್, ಇವನೂ ರಾಬರ್ಟ್, 1942ರ ಏಪ್ರಿಲ್‌ನಲ್ಲಿ ಜಪಾನೀಯರು ಕೊಲಂಬೊ ಬಂದರಿಗೆ ಬಾಂಬು ಹಾಕಿದಾಗ ಹಡಗಿನಲ್ಲೇ ಸತ್ತ. ಇನ್ನೂ ಹುಡುಗ, ಮದುವೆಯ ವಯಸ್ಸು.

ಪ್ರಧಾನಿ ಪೀಲ್ ಸಾಯುವ ಮೊದಲು, ನನ್ನ ಸೇವೆಗೆ ಬದಲಾಗಿ ಮನೆಯವರು ಯಾರೂ ಪದವಿ ತಗೊಳ್ಳಬಾರದು ಅಂತ ಬರೆದಿಟ್ಟಿದ್ದ. ಹೆಂಡತಿ ಹಾಗೇ ನಡೆದುಕೊಂಡಳು, ಕೊಡಲು ಬಂದದ್ದನ್ನು ಬೇಡ ಅಂದಳು. ಆದರೆ ಕಿರಿಮಗ ಆರ್ಥರ್ ಕಾಮನ್ಸ್ ಸ್ಪೀಕರ್ ಆಗಿ, 1895ರಲ್ಲಿ ತನ್ನ ಸ್ವಂತ ದುಡಿಮೆಗೆ ವೈಕೌಂಟ್ ಆದ, ಅದು ಬ್ಯಾರೊನೆಟ್‌ಗಿಂತ ದೊಡ್ಡ ಪದವಿ. ಅವನ ಮಗ ಎರಡು ಸಲ ಬ್ರಿಟಿಷ್ ಸರ್ಕಾರದಲ್ಲಿ ಭಾರತದ ವ್ಯವಹಾರ ನೋಡುವ ಮಂತ್ರಿಯಾಗಿ, 1929ರಲ್ಲಿ ಇನ್ನೂ ಮೇಲಿನ ಪದವಿಯಾದ ಅರ್ಲ್ ಆದ. ಕೊಲಂಬೊದಲ್ಲಿ ಆರನೆಯವನು ಸತ್ತು ಹಿರಿಮಗನ ವಂಶ ಕೊನೆಯಾದಾಗ ಪಾರ್ಸ್ಲಿ ಪೀಲ್‌ನ ಮಗ ಗಳಿಸಿದ್ದ ಬ್ಯಾರೊನೆಟ್ ಪದವಿ ಈ ಅರ್ಲ್‌ಗಳ ಮನೆಗೇ ಹೋಗಿ ಸೇರಿತು.