ಪದ ಪರಿಚಯ: ಹೌಸ್ ಬ್ಯಾಟರಿ

ಅಮೆರಿಕದ ಅರಿಝೋನಾದಲ್ಲಿ ಕ್ವಾರ್ಟ್‌ಸೈಟ್ ಅಂತ ಒಂದು ಪುಟ್ಟ ಮರುಭೂಮಿ ಊರಿದೆ. ಚಳಿಗಾಲ ಬಂತೆಂದರೆ ಊರಾಚೆಯ ಸರ್ಕಾರಿ ಬಯಲಿನಲ್ಲಿ ಸಾವಿರಾರು ಆರ್‌ವಿಗಳು ಬಂದು ನಿಲ್ಲುತ್ತವೆ. ಆರ್‌ವಿ ಅಂದರೆ ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲವೂ ಇರುವ ಗಾಡಿ. ಒಂದು ಜನವರಿಯಲ್ಲಿ ಗೆಳೆಯನ ಮೋಟರ್‌ಹೋಮಿನಲ್ಲಿ ನಾವೂ ಅಲ್ಲಿ ತಂಗಿದ್ದೆವು. ಎರಡನೇ ರಾತ್ರಿ, ಬೆಳಗಿನ ಜಾವ ಚಳಿಗೆ ಎಚ್ಚರವಾಯಿತು. ಹೀಟರ್ ನಿಂತಿತ್ತು. ಗ್ಯಾಸ್ ಬೇಕಾದಷ್ಟಿತ್ತು, ಆದರೆ ಬಿಸಿಗಾಳಿ ತಳ್ಳುವ ಫ್ಯಾನಿಗೆ ಕರೆಂಟ್ ಇರಲಿಲ್ಲ. ಗೆಳೆಯ ಹೋಗಿ ಕೀಲಿ ತಿರುಗಿಸಿದ. ಇಂಜಿನ್ ಒಂದೇ ಏಟಿಗೆ ಸ್ಟಾರ್ಟ್ ಆಯಿತು! ಸ್ವಲ್ಪ ಹೊತ್ತಿಗೆ ಫ್ಯಾನೂ ಗುಂಯ್ ಅಂತ ತಿರುಗತೊಡಗಿತು.

ಬ್ಯಾಟರಿ ಖಾಲಿಯಾಗಿದ್ದರೆ ಇಂಜಿನ್ ಹೇಗೆ ಸ್ಟಾರ್ಟ್ ಆಯಿತು? ಆರ್‌ವಿಯಲ್ಲಿ ಒಂದೇ ಸೂರಿನಡಿ ಎರಡು ಒಲೆ. ಇಂಜಿನ್ ಸ್ಟಾರ್ಟ್ ಮಾಡಲು ಒಂದು ಬ್ಯಾಟರಿ, ಅದಕ್ಕೆ ಚಾಸಿ ಬ್ಯಾಟರಿ ಅಂತಾರೆ. ದೀಪ, ನೀರಿನ ಪಂಪು, ಹೀಟರ್ ಫ್ಯಾನು, ಮೊಬೈಲ್ ಚಾರ್ಜಿಂಗ್, ಇವಕ್ಕೆಲ್ಲ ಇನ್ನೊಂದು. ಅದೇ ಹೌಸ್ ಬ್ಯಾಟರಿ. ಗಾಡಿಯೊಳಗಿನ ಮನೆಗೆ ಸೇರಿದ್ದು ಅಂತ ಹೆಸರೇ ಹೇಳುತ್ತದೆ, ಅಲ್ವಾ? ಕೋಚ್ ಬ್ಯಾಟರಿ ಅನ್ನುವವರೂ ಇದ್ದಾರೆ.

ಹೊರಗಿನಿಂದ ಎರಡೂ ಒಂದೇ ಥರದ ಡಬ್ಬಿ. ಸ್ವಭಾವ ಮಾತ್ರ ಬೇರೆ. ಚಾಸಿ ಬ್ಯಾಟರಿ ಕೆಲವೇ ಸೆಕೆಂಡು ನೂರಾರು ಆಂಪಿಯರ್ ಕೊಟ್ಟು ಸುಮ್ಮನಾಗಬೇಕು. ಅದಕ್ಕೇ ಒಳಗೆ ತೆಳುವಾದ ಪ್ಲೇಟುಗಳು ಜಾಸ್ತಿ. ಮತ್ತೆ ಮತ್ತೆ ಪೂರ್ತಿ ಇಳಿಸಿದರೆ ಬೇಗ ಹಾಳಾಗುತ್ತದೆ. ಹೌಸ್ ಬ್ಯಾಟರಿ ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪವೇ ಕೊಡುತ್ತಾ ಹೋಗಬೇಕು, ಮರುದಿನ ಮತ್ತೆ ತುಂಬಿಕೊಳ್ಳಬೇಕು. ಹಾಗಾಗಿ ಇದು ದಪ್ಪ ಪ್ಲೇಟಿನ ಡೀಪ್ ಸೈಕಲ್ ಬ್ಯಾಟರಿ. ನಮ್ಮೂರ ಮನೆಗಳಲ್ಲಿ ಇನ್ವರ್ಟರ್ ಪಕ್ಕ ಇಡುವ ಟ್ಯೂಬುಲರ್ ಬ್ಯಾಟರಿಯೂ ಇದೇ ಜಾತಿಯದು.

ಎರಡರ ನಡುವೆ ಐಸೊಲೇಟರ್ ಎಂಬ ಸ್ವಿಚ್ಚು ಕೂತಿರುತ್ತದೆ. ಇಂಜಿನ್ ಓಡುವಾಗ ಆಲ್ಟರ್ನೇಟರಿನ, ಅಂದರೆ ಇಂಜಿನ್ ತಿರುಗಿಸುವ ಜನರೇಟರಿನ, ಕರೆಂಟನ್ನು ಹೌಸ್ ಬ್ಯಾಟರಿಗೂ ಬಿಡುತ್ತದೆ. ಇಂಜಿನ್ ನಿಂತರೆ ನಂಟು ಕಡಿಯುತ್ತದೆ. ರಾತ್ರಿಯೆಲ್ಲ ಫ್ಯಾನ್ ಓಡಿದರೂ ಬೆಳಿಗ್ಗೆ ಗಾಡಿ ಹೊರಡಲು ಇದೇ ಕಾರಣ. ನನ್ನ ಪ್ರಕಾರ ಇಡೀ ವ್ಯವಸ್ಥೆಯಲ್ಲಿ ಇದರಷ್ಟು ಮುಖ್ಯವಾದದ್ದು ಇನ್ನೊಂದಿಲ್ಲ. ದುಡ್ಡು ಉಳಿಸಲು ಎರಡನ್ನೂ ನೇರವಾಗಿ ಜೋಡಿಸಿಬಿಟ್ಟರೆ, ಜನವಿಲ್ಲದ ಬಯಲಿನಲ್ಲಿ ಗಾಡಿಯೂ ನಿಂತುಹೋಗುತ್ತದೆ.

ನಮ್ಮದು ಎಲ್ಲಿ ತಪ್ಪಿತು? ಬ್ಯಾಟರಿ 12 ವೋಲ್ಟಿನದು, 100 ಆಂಪಿಯರ್-ಅವರ್. ಅಂದರೆ ಹೆಚ್ಚುಕಡಿಮೆ 5 ಆಂಪಿಯರಿನಂತೆ 20 ಗಂಟೆ ಕೊಡುವಷ್ಟು. ಫ್ಯಾನು ಎಳೆಯುವುದು ಸುಮಾರು 7 ಆಂಪಿಯರ್. ಹನ್ನೆರಡು ಗಂಟೆಯ ರಾತ್ರಿಯಲ್ಲಿ ಅರ್ಧ ಹೊತ್ತು ಓಡಿದರೂ 42 ಹೋಯಿತು. ದೀಪ, ಪಂಪು ಸೇರಿದರೆ 55. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಕಡಿಮೆಯಾಗುತ್ತದೆ. ಅಂದರೆ ಅದು ಒಂದೇ ರಾತ್ರಿಯ ಬ್ಯಾಟರಿ. ನಾವು ಎರಡು ರಾತ್ರಿ ಎಳೆದಿದ್ದೆವು.

ಹೆಚ್ಚುವರಿ ಬ್ಯಾಟರಿ ಸೇರಿಸಿದರೆ ಆ ಗುಂಪಿಗೆ ಬ್ಯಾಂಕ್ ಅಂತಾರೆ. 12 ವೋಲ್ಟಿನ ಎರಡನ್ನು ಪ್ಯಾರಲಲ್ ಆಗಿ, ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು ಸೇರಿಸಬಹುದು. ಆಗ ವೋಲ್ಟ್ ಅಷ್ಟೇ ಇರುತ್ತದೆ, ಆಂಪಿಯರ್-ಅವರ್ ಎರಡರಷ್ಟಾಗುತ್ತದೆ. ಇಲ್ಲಿ ಒಂದು ಸಣ್ಣ ವಿಷಯವನ್ನು ತುಂಬಾ ಜನ ಮರೆಯುತ್ತಾರೆ. ಹೊರಗೆ ಹೋಗುವ ಪ್ಲಸ್ ವೈರನ್ನು ಮೊದಲ ಬ್ಯಾಟರಿಯಿಂದ, ಮೈನಸ್ಸನ್ನು ಕೊನೆಯದರಿಂದ ಎಳೆಯಬೇಕು. ಎರಡನ್ನೂ ಒಂದೇ ಬ್ಯಾಟರಿಯಿಂದ ಎಳೆದರೆ ಅದಕ್ಕೇ ದುಡಿಮೆ ಜಾಸ್ತಿಯಾಗಿ ಬೇಗ ಸವೆಯುತ್ತದೆ. ಇನ್ನೊಂದು ದಾರಿ ಗಾಲ್ಫ್ ಗಾಡಿಯ 6 ವೋಲ್ಟ್ ಬ್ಯಾಟರಿ ಎರಡನ್ನು ಸೀರೀಸ್ ಮಾಡುವುದು. ಒಂದರ ಪ್ಲಸ್ಸನ್ನು ಮತ್ತೊಂದರ ಮೈನಸ್ಸಿಗೆ ಕೊಟ್ಟರೆ 12 ವೋಲ್ಟ್ ಬರುತ್ತದೆ. ಗೆಳೆಯ ಆರಿಸಿದ್ದು ಇದನ್ನೇ, 220 ಆಂಪಿಯರ್-ಅವರಿನ ಜೋಡಿ. ಹಳೆಯ ಬ್ಯಾಟರಿಗೆ ಹೊಸದನ್ನು ಮಾತ್ರ ಜೋಡಿಸಬೇಡಿ. ಹಳೆಯದು ಹೊಸದನ್ನೂ ಕೆಡಿಸುತ್ತದೆ.

ಛಾವಣಿಯ ಮೇಲೆ 100 ವಾಟಿನ ಮೂರು ಸೋಲಾರ್ ಪ್ಯಾನಲ್ ಬಂದವು. 12 ವೋಲ್ಟ್ ಪ್ಯಾನಲ್ ಅಂತ ಮಾರಿದರೂ ಬಿಸಿಲಿನಲ್ಲಿ ಅದು ಸುಮಾರು 18 ವೋಲ್ಟ್ ಕೊಡುತ್ತದೆ. ಅದನ್ನು ಹದಕ್ಕೆ ತರಲು ನಡುವೆ ಚಾರ್ಜ್ ಕಂಟ್ರೋಲರ್ ಇರಲೇಬೇಕು. ಅದಕ್ಕೆ ಮೊದಲು ಬ್ಯಾಟರಿಯ ವೈರು, ಆಮೇಲೆ ಪ್ಯಾನಲ್ಲಿನದು. ಬಿಚ್ಚುವಾಗ ಪ್ಯಾನಲ್ ಮೊದಲು. ಪ್ಯಾನಲ್ಲುಗಳನ್ನು ಗೆಳೆಯ ಪ್ಯಾರಲಲ್ ಮಾಡಿದ. ಎಸಿ ಡಬ್ಬದ ನೆರಳು ಒಂದರ ಮೇಲೆ ಬಿದ್ದರೂ ಉಳಿದೆರಡು ದುಡಿಯಲಿ ಅಂತ.

ವೈರಿನ ದಪ್ಪದಲ್ಲಿ ಮಾತ್ರ ಜಿಪುಣತನ ಬೇಡ. 230 ವೋಲ್ಟಿನ ಮನೆಯಲ್ಲಿ 1000 ವಾಟಿಗೆ ಸುಮಾರು 4.35 ಆಂಪಿಯರ್ ಸಾಕು. 12 ವೋಲ್ಟಿನಲ್ಲಿ ಅದೇ 1000 ವಾಟಿಗೆ 83 ಆಂಪಿಯರ್ ಹರಿಯಬೇಕು. ತೆಳು ವೈರು ಸುಟ್ಟೇ ಹೋಗುತ್ತದೆ. ಬ್ಯಾಟರಿಯ ಪ್ಲಸ್ ಟರ್ಮಿನಲ್ಲಿಗೆ ಆದಷ್ಟು ಹತ್ತಿರ ಫ್ಯೂಸ್ ಹಾಕಿ. ಫ್ಯೂಸಿಗೂ ಬ್ಯಾಟರಿಗೂ ನಡುವಿನ ತುಂಡಿಗೆ ಯಾವ ಕಾವಲೂ ಇರುವುದಿಲ್ಲ.

ಮರುವರ್ಷ ಅದೇ ಬಯಲಿಗೆ ಹೋದೆವು. ರಾತ್ರಿಯೆಲ್ಲ ಫ್ಯಾನ್ ಓಡಿತು. ಬೆಳಿಗ್ಗೆ ಎದ್ದವನೇ ಕಾಫಿಗಿಂತ ಮೊದಲು ಗೆಳೆಯ ಮೀಟರ್ ನೋಡಿದ: 12.4 ವೋಲ್ಟ್. ಇನ್ನೂ ಮುಕ್ಕಾಲು ಭಾಗ ಉಳಿದಿತ್ತು, ಬಿಸಿಲೂ ಏರುತ್ತಿತ್ತು.